ಲೈಟರ್ ಮನೆಯಲ್ಲೇ ಇರಲಿ: ಟಿಕೆಟ್ ಕೌಂಟರ್ ಕಲಿಸಿದ ಪಾಠಗಳು

ಉಪ್ಪಳದಲ್ಲಿ ಗಲ್ಫ್ ಪ್ರಯಾಣಿಕರಿಗೆ ಟಿಕೆಟ್ ಮಾಡಿಕೊಡುವುದು ನನ್ನ ಕಸುಬು. ಕಾಸರಗೋಡು ಜಿಲ್ಲೆಗೆ ಸ್ವಂತ ವಿಮಾನ ನಿಲ್ದಾಣವಿಲ್ಲ. ನಮ್ಮ ಕಡೆಯವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ತೆಂಕಣದವರಿಗೆ 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು ನಿಲ್ದಾಣವೂ ಇದೆ. ಎಲ್ಲಿಂದ ಹೊರಟರೂ ಬೆಂಕಿಯ ವಿಚಾರದಲ್ಲಿ ನಿಯಮ ಒಂದೇ.

1. ಲೈಟರ್‌ಗೆ ಎಲ್ಲೂ ಜಾಗವಿಲ್ಲ. ಭಾರತದ ವಿಮಾನ ನಿಲ್ದಾಣಗಳಲ್ಲಿ ಅದನ್ನು ಜೇಬಿನಲ್ಲಿ, ಕೈಚೀಲದಲ್ಲಿ, ಚೆಕ್‌-ಇನ್ ಪೆಟ್ಟಿಗೆಯಲ್ಲಿ, ಎಲ್ಲಿಟ್ಟರೂ ಬಿಡುವುದಿಲ್ಲ. ಬೆಂಕಿಪೆಟ್ಟಿಗೆಗೂ ಇದೇ ಮಾತು. ‘ಗ್ಯಾಸ್ ಮುಗಿದಿದೆ’ ಎಂದು ಸಿಐಎಸ್‌ಎಫ್ ಸಿಬ್ಬಂದಿಯ ಜೊತೆ ವಾದಿಸಿ ಫಲವಿಲ್ಲ.

2. ಕಾರಣ ತಿಳಿದವರು ಗೊಣಗುವುದಿಲ್ಲ. 2001ರ ಡಿಸೆಂಬರ್ 22ರಂದು ಪ್ಯಾರಿಸ್‌ನಿಂದ ಮಯಾಮಿಗೆ ಹೊರಟಿದ್ದ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬಾತ ಬೂಟಿನಲ್ಲಿ ಅಡಗಿಸಿದ್ದ ಸ್ಫೋಟಕಕ್ಕೆ ಕಡ್ಡಿ ಗೀರಿ ಬೆಂಕಿ ಹಚ್ಚಲು ನೋಡಿದ. ಸಿಬ್ಬಂದಿ ಮತ್ತು ಪ್ರಯಾಣಿಕರು ಸೇರಿ ಹಿಡಿದಿದ್ದರಿಂದ ಎಲ್ಲರ ಜೀವ ಉಳಿಯಿತು. ಅಂದಿನಿಂದ ಒಂದು ಕಡ್ಡಿಯನ್ನೂ ಯಾರೂ ಹಗುರವಾಗಿ ಕಾಣುತ್ತಿಲ್ಲ.

3. ಅಲ್ಲಿ ಬಿಟ್ಟರೆಂದು ಇಲ್ಲಿ ಬಿಡುವುದಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಒಬ್ಬರು ಒಂದು ಸಣ್ಣ ಲೈಟರನ್ನು ಮೈಮೇಲೆ ಇಟ್ಟುಕೊಳ್ಳಬಹುದು. ಅಮೆರಿಕ 2005ರಲ್ಲಿ ನಿಷೇಧಿಸಿ, 2007ರಲ್ಲಿ ಸಾಮಾನ್ಯ ಲೈಟರ್‌ಗಳಿಗೆ ಮತ್ತೆ ಅವಕಾಶ ಕೊಟ್ಟಿತು. ಆದರೆ ಯಾವ ದೇಶ ಬೇಕಾದರೂ ಇನ್ನಷ್ಟು ಬಿಗಿ ಮಾಡಬಹುದು, ಭಾರತ ಮಾಡಿದೆ. ಗಲ್ಫಿನಿಂದ ಜೇಬಿನಲ್ಲೇ ಬಂದ ಲೈಟರ್, ಮುಂಬೈಯಲ್ಲಿ ಇಳಿದು ಮಂಗಳೂರು ವಿಮಾನ ಹತ್ತುವಾಗ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.

4. ಪೆಟ್ಟಿಗೆ ಕಟ್ಟುವ ಮೊದಲೇ ತಡಕಿ ನೋಡಿ. ರಟ್ಟಿನ ಪೆಟ್ಟಿಗೆಗೆ ಸುತ್ತಲೂ ಟೇಪ್ ಹಚ್ಚಿ, ಹಗ್ಗ ಬಿಗಿದು, ಮಾರ್ಕರಿನಲ್ಲಿ ಹೆಸರು, ಊರು ಬರೆದು ತರುತ್ತಾರೆ. ಎಕ್ಸ್‌-ರೇಯಲ್ಲಿ ಲೈಟರ್ ಕಂಡರೆ ಅದೇ ಟೇಪ್ ಕೊಯ್ದು, ಹಪ್ಪಳ, ಉಪ್ಪಿನಕಾಯಿ, ಮಕ್ಕಳ ಬಟ್ಟೆಯನ್ನೆಲ್ಲ ಹೊರಗೆ ತೆಗೆಯಬೇಕು. ಅದು ಹೆಚ್ಚಾಗಿ ಸಿಗುವುದು ಹಳೆಯ ಜೀನ್ಸಿನ ಚಿಕ್ಕ ಜೇಬಿನಲ್ಲಿ, ಬ್ಯಾಗಿನ ಹೊರ ಜಿಪ್ಪಿನೊಳಗೆ.

5. ಪವರ್ ಬ್ಯಾಂಕಿನ ನಿಯಮ ಬೇರೆ. ಅದು ಕೈಚೀಲದಲ್ಲೇ ಇರಬೇಕು, ಚೆಕ್‌-ಇನ್‌ನಲ್ಲಿ ಕೂಡದು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಸಿಬ್ಬಂದಿ ಕೂಡಲೇ ನಂದಿಸಬಹುದು. ಸರಕಿನ ಕೋಣೆಗೆ ಹಾರುವಾಗ ಕೈ ಹೋಗುವುದಿಲ್ಲ. ಅನುಮತಿ ಕೇಳದೆ ಒಯ್ಯಲು ಮಿತಿ 100 ವ್ಯಾಟ್-ಅವರ್. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುತ್ತದೆ.

6. ಕೊಬ್ಬರಿಯೂ ಬೆಂಕಿಯ ಪಟ್ಟಿಯಲ್ಲಿದೆ. ತೆಂಗಿನ ನಾಡಿನವರಿಗೆ ಇದು ನಂಬಲು ಕಷ್ಟ. ಎಣ್ಣೆಯಂಶ ತುಂಬಿದ ಒಣ ಕೊಬ್ಬರಿ ರಾಶಿಯಲ್ಲಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ವಿಮಾನ ಸಾಗಣೆಯಲ್ಲಿ ಅದನ್ನು ಅಪಾಯಕಾರಿ ವಸ್ತುಗಳಲ್ಲಿ ಸೇರಿಸಿದ್ದಾರೆ. ಮಗನಿಗೆ ಕೊಬ್ಬರಿ ಕಳಿಸುವ ಅಮ್ಮಂದಿರಿಗೆ ಇದನ್ನು ಸಮಾಧಾನದಿಂದ ವಿವರಿಸಬೇಕು.

7. ಇ-ಸಿಗರೇಟ್ ತರಲೇಬೇಡಿ. 2019ರ ಕಾನೂನಿನಂತೆ ಭಾರತಕ್ಕೆ ಅದರ ಆಮದೇ ನಿಷಿದ್ಧ.

ಊರಿನ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಬೀಳ್ಕೊಡಲು ಹೋದಾಗ, ನಿಲ್ದಾಣದ ಬಾಗಿಲಲ್ಲೇ ‘ಜೇಬಿನಲ್ಲಿ ಲೈಟರ್ ಇದೆಯಾ ಅಣ್ಣಾ?’ ಎಂದು ಒಮ್ಮೆ ಕೇಳಿ, ಇದ್ದರೆ ಇಸಿದುಕೊಳ್ಳಿ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ವಿಮಾನ ಕಂಪನಿಯ ನಿಷೇಧಿತ ವಸ್ತುಗಳ ಪಟ್ಟಿಯನ್ನು ತಪ್ಪದೆ ಓದಿ.