ಪ್ರಥಮ ಪಾದಯಾತ್ರೆ: ಹೆಜ್ಜೆಯ ಅಳತೆ, ವ್ರತದ ಅಳತೆ

ತೀರ್ಥವೆಂದರೆ ದಾಟಿಸುವ ಸ್ಥಾನ. ಹೊಳೆಯನ್ನು ದಾಟಬೇಕೆನ್ನುವವನು ಮೊದಲು ನೀರಿನ ಆಳವನ್ನೂ ತನ್ನ ತೋಳಿನ ಬಲವನ್ನೂ ನೋಡಿಕೊಳ್ಳುತ್ತಾನೆ. ಕಾಲ್ನಡಿಗೆಯಿಂದ ತೀರ್ಥವಂದನೆಗೆ ಹೊರಡುವ ಶ್ರಾವಕ ಶ್ರಾವಿಕೆಯರೂ ಹಾಗೆಯೇ ನೋಡಿಕೊಳ್ಳತಕ್ಕದ್ದು. ಆದರೆ ಬಹುಮಂದಿ ದಾರಿಯನ್ನು ಮಾತ್ರ ಅಳೆಯುತ್ತಾರೆ, ತಾವು ಕೈಕೊಂಡ ವ್ರತವನ್ನು ಅಳೆಯುವುದಿಲ್ಲ. ಹೊರಡುವ ದಿನದ ಉತ್ಸಾಹದಲ್ಲಿ ಬರಿಗಾಲಿನ ನಿಯಮ, ಏಕಾಶನದ ನಿಯಮ, ಅಷ್ಟಮಿಯ ನಿರ್ಜಲ ಉಪವಾಸ, ದಿನಕ್ಕೆ ಇಪ್ಪತ್ತೈದು ಕಿಲೋಮೀಟರು ಎಂಬ ಸಂಕಲ್ಪ, ಎಲ್ಲವನ್ನೂ ಒಟ್ಟಿಗೆ ಸ್ವೀಕರಿಸಿಬಿಡುತ್ತಾರೆ. ಮೂರನೆಯ ದಿನ ಅಂಗಾಲು ಬೊಬ್ಬೆಯೇಳುತ್ತದೆ. ಆಗ ಎರಡರಲ್ಲಿ ಒಂದು ನಷ್ಟ ತಪ್ಪದು. ವ್ರತ ಮುರಿದರೆ ಮನಸ್ಸು ಕುಗ್ಗಿ ಮುಂದೆ ವ್ರತವೆಂದರೇ ಹೆದರಿಕೆಯಾಗುತ್ತದೆ. ಮುರಿಯದೆ ಹಟದಿಂದ ನಡೆದರೆ ಇಡೀ ದಿನ ನೋವಿನ ಚಿಂತೆಯಲ್ಲಿಯೇ, ಅಂದರೆ ಆರ್ತಧ್ಯಾನದಲ್ಲಿಯೇ ಕಳೆಯುತ್ತದೆ. ಕಾಲು ಕ್ಷೇತ್ರವನ್ನು ಮುಟ್ಟಿದರೂ ಪರಿಣಾಮಶುದ್ಧಿ ದಾರಿಯಲ್ಲಿಯೇ ಉಳಿದುಹೋಗುತ್ತದೆ.

ಆದುದರಿಂದ ಮೊದಲ ಯಾತ್ರೆಗೆ ಸಿದ್ಧತೆಯೆಂದರೆ ಕಾಲಿನ ಸಿದ್ಧತೆಯಷ್ಟೇ ಅಲ್ಲ, ವ್ರತದ ಸಿದ್ಧತೆಯೂ ಹೌದು. ಇದನ್ನು ಒಂದು ನಿಜವಾದ ದಾರಿಯ ಮೇಲೆ ಲೆಕ್ಕ ಹಾಕಿ ತಿಳಿಯೋಣ. ಹಳಬರು ಸೂಪಾ ಎನ್ನುವ ಜೋಯಿಡಾ ತಾಲೂಕಿನ ಕುಂಬಾರವಾಡದಿಂದ ಗಣೇಶಗುಡಿ, ದಾಂಡೇಲಿ, ಯಲ್ಲಾಪುರಗಳ ಮಾರ್ಗವಾಗಿ ಸಿರಸಿ ತಾಲೂಕಿನ ಸೋಂದೆಯ ಸ್ವಾದಿ ದಿಗಂಬರ ಜೈನ ಮಠವನ್ನು ಸೇರುವ ದಾರಿಯಿದು. ನೂರು ಕಿಲೋಮೀಟರಿಗೂ ಮೀರಿದ ನಡಿಗೆ. ಶ್ರವಣಬೆಳಗೊಳವು ಇದರ ಮೂರು ಪಟ್ಟಿಗೂ ಹೆಚ್ಚು ದೂರ. ಬೆಳಗೊಳದ ಆಸೆಯುಳ್ಳವರೂ ಮೊದಲು ಸೋಂದೆಯವರೆಗೆ ನಡೆದು ತಮ್ಮನ್ನು ಪರೀಕ್ಷಿಸಿಕೊಳ್ಳುವುದು ಒಳಿತು.

೧. ಗುಣವ್ರತಗಳ ಪಾಠ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಬಳಿಕ ಹೇಳಿದ ಏಳು ಶೀಲಗಳಲ್ಲಿ ಮೊದಲಿನವು ದಿಗ್ವ್ರತ ಮತ್ತು ದೇಶವ್ರತ. ಹತ್ತು ದಿಕ್ಕುಗಳಲ್ಲಿಯೂ ಇಷ್ಟು ದೂರ ಮೀರಿ ಹೋಗೆನೆಂದು ಜೀವನಪರ್ಯಂತ ಎಲ್ಲೆ ಕಟ್ಟಿಕೊಳ್ಳುವುದು ದಿಗ್ವ್ರತ. ಆ ಎಲ್ಲೆಯೊಳಗೆ ಒಂದು ದಿನಕ್ಕೋ ಒಂದು ಪಕ್ಷಕ್ಕೋ ಇನ್ನೂ ಕಿರಿದಾದ ಎಲ್ಲೆಯನ್ನು ಹಾಕಿಕೊಳ್ಳುವುದು ದೇಶವ್ರತ. ರತ್ನಕರಂಡಕ ಶ್ರಾವಕಾಚಾರವು ಇದನ್ನು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಎಣಿಸಿದೆ. ಹೆಸರು, ಸ್ಥಾನ ಬೇರೆಯಾದರೂ ಅಭಿಪ್ರಾಯ ಒಂದೇ.

ದಿಗ್ವ್ರತದ ಐದು ಅತಿಚಾರಗಳಲ್ಲಿ ಎರಡನ್ನು ಯಾತ್ರಿಕನು ವಿಶೇಷವಾಗಿ ನೆನಪಿಡಬೇಕು. ಹಾಕಿಕೊಂಡ ಕ್ಷೇತ್ರವನ್ನು ನಡುವೆ ಹಿಗ್ಗಿಸಿಕೊಳ್ಳುವುದು ಕ್ಷೇತ್ರವೃದ್ಧಿ. ಹಾಕಿದ ಎಲ್ಲೆಯನ್ನೇ ಮರೆಯುವುದು ಸ್ಮೃತ್ಯಂತರಾಧಾನ. ಈ ಹಿಂದೆ ದಿಗ್ವ್ರತ ಸ್ವೀಕರಿಸಿದವರು ತಾವು ಹೋಗಲಿರುವ ಕ್ಷೇತ್ರವು ತಮ್ಮ ಎಲ್ಲೆಯೊಳಗೆ ಇದೆಯೇ ಎಂಬುದನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು. ತೀರ್ಥಯಾತ್ರೆಯಾದರೇನು, ಎಲ್ಲೆ ಎಲ್ಲೆಯೇ.

ದೇಶವ್ರತವಂತೂ ಪಾದಯಾತ್ರಿಕನ ಕೈಗೋಲು ಎನ್ನಬಹುದು. ಪ್ರತಿದಿನ ಬೆಳಿಗ್ಗೆ ಸಾಮಾಯಿಕ ಮುಗಿದ ಮೇಲೆ ‘ಇಂದು ಇಂತಹ ಊರಿನವರೆಗೆ, ಅದರ ಆಚೆಗಿಲ್ಲ’ ಎಂದು ಸಂಕಲ್ಪಿಸಿದರೆ ಅದೇ ಆ ದಿನದ ದೇಶವ್ರತ. ಮಧ್ಯಾಹ್ನ ಕಾಲಿನಲ್ಲಿ ಚೈತನ್ಯವಿದ್ದು ಜೊತೆಯವರು ‘ಇನ್ನೈದು ಕಿಲೋಮೀಟರು ಹೋಗಿಬಿಡೋಣ’ ಎಂದಾಗ ಅದು ತಡೆಯುತ್ತದೆ. ಇಂದಿನ ಆ ಐದು ಕಿಲೋಮೀಟರೇ ನಾಳೆಯ ಬೊಬ್ಬೆಗೆ ಬೀಜ.

೨. ದಿನಕ್ಕೆ ಎಷ್ಟು ನಡೆಯಬೇಕು?

ಇದನ್ನು ಕಾಲನ್ನು ಕೇಳಿ ತೀರ್ಮಾನಿಸಬಾರದು, ಸೂರ್ಯನನ್ನು ಕೇಳಬೇಕು. ರಾತ್ರಿಭೋಜನ ತ್ಯಾಗವುಳ್ಳವರು ಸೂರ್ಯೋದಯದ ನಂತರ ಎರಡು ಘಳಿಗೆ, ಅಂದರೆ 48 ನಿಮಿಷ ಕಳೆದು ಆಹಾರಜಲ ಸ್ವೀಕರಿಸಿ, ಸೂರ್ಯಾಸ್ತಕ್ಕೆ ಅಷ್ಟೇ ಸಮಯ ಮುಂಚೆ ಮುಗಿಸುತ್ತಾರೆ. ಜನವರಿ ಮಧ್ಯದಲ್ಲಿ ಈ ಸೀಮೆಯಲ್ಲಿ ಸೂರ್ಯೋದಯ ಸುಮಾರು 7 ಗಂಟೆಗೆ, ಸೂರ್ಯಾಸ್ತ ಸುಮಾರು 6-20ಕ್ಕೆ. ಸಂಜೆಯ ಊಟ 5-30ಕ್ಕೆ ಮುಗಿಯಬೇಕಾದರೆ ಅಡುಗೆಗೆ 4 ಗಂಟೆಗೆ ಒಲೆ ಹೊತ್ತಿಸಬೇಕು. ಅದಕ್ಕೆ 3-30ಕ್ಕೆ ತಂಗುವ ಸ್ಥಳ ಮುಟ್ಟಿರಬೇಕು. ಇನ್ನು ಈರ್ಯಾಸಮಿತಿಯು ಮುನಿಗಳ ವ್ರತವಾದರೂ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ಅಭ್ಯಾಸ ಶ್ರಾವಕನಿಗೂ ಭೂಷಣ. ಕತ್ತಲಲ್ಲಿ ಅದು ಸಾಧ್ಯವಿಲ್ಲ.

ಹೀಗಾಗಿ ಬೆಳಿಗ್ಗೆ 7-15ರಿಂದ 10-15ರವರೆಗೆ ಗಂಟೆಗೆ 4 ಕಿಲೋಮೀಟರಿನಂತೆ 12, ಮಧ್ಯಾಹ್ನ 2-15ರಿಂದ ಒಂದು ಗಂಟೆ 4, ಒಟ್ಟು 16 ಕಿಲೋಮೀಟರು. ಮೊದಲ ಯಾತ್ರೆಗೆ ಇದೇ ಅಳತೆ. ಊರುಗಳು ಸಿಗುವುದನ್ನು ನೋಡಿ ಒಂದೆರಡು ಕಿಲೋಮೀಟರು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಈ ದಾರಿಯಲ್ಲಿ ರಾತ್ರಿ ನಡೆಯಬಾರದೆಂಬುದಕ್ಕೆ ಇನ್ನೊಂದು ಕಾರಣವುಂಟು. ಕುಂಬಾರವಾಡ ಮತ್ತು ದಾಂಡೇಲಿಯ ಕಾಡುಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿವೆ; 2015ರಿಂದ ಅದಕ್ಕೆ ಈ ಹೆಸರು. ಕರಡಿ, ಚಿರತೆಗಳೂ ಅಲ್ಲಿವೆ. ಭತ್ತದ ಸುಗ್ಗಿಯ ಹೊತ್ತಿಗೆ ಆನೆಗಳು ಹಳಿಯಾಳ, ಮುಂಡಗೋಡದ ಗದ್ದೆಗಳವರೆಗೆ ಬರುವುದನ್ನು ಅಲ್ಲಿನ ರೈತರು ಬಲ್ಲರು. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಆ ದಾರಿ ಪ್ರಾಣಿಗಳದು. ಹಗಲು, ಗುಂಪಾಗಿ, ದೊಡ್ಡ ರಸ್ತೆಯನ್ನು ಬಿಡದೆ, ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ ಅವರು ಹೇಳಿದಂತೆ ನಡೆಯುವುದು ಅಹಿಂಸೆಯೂ ಹೌದು, ಆತ್ಮರಕ್ಷಣೆಯೂ ಹೌದು. ಒಣಹುಲ್ಲಿನ ಕಾಲದಲ್ಲಿ ಕಾಡಿನೊಳಗೆ ಒಲೆ ಹೂಡಲೇಬಾರದು.

೩. ಯಾವ ಋತುವಿನಲ್ಲಿ?

ಚಾತುರ್ಮಾಸದಲ್ಲಿ ಮುನಿಗಳೇ ವಿಹಾರವನ್ನು ನಿಲ್ಲಿಸುತ್ತಾರೆ. ಹಳಿಯಾಳದ ನೆರೆಯ ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲದ ಪಲಾಶಿಕಾ. ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆ ಕದಂಬ ದೊರೆ ರವಿವರ್ಮನು ಅಲ್ಲಿಯ ತಾಮ್ರಶಾಸನದಲ್ಲಿ ಜಿನೇಂದ್ರನ ಎಂಟು ದಿನಗಳ ಉತ್ಸವಕ್ಕೂ, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳ ಪೋಷಣೆಗೂ ಏರ್ಪಾಡು ಮಾಡಿದ್ದಾನೆ. ಮಳೆಯಲ್ಲಿ ನಿಲ್ಲುವುದು ನಮ್ಮ ಈ ನೆಲದಲ್ಲಿಯೇ ಎಷ್ಟು ಹಳೆಯ ಆಚಾರವೆಂಬುದಕ್ಕೆ ಇದು ಸಾಕ್ಷಿ.

ಕುಂಬಾರವಾಡದ ಕಡೆಯ ಮಳೆಗಾಲವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಜ್ಜೆ ಹೆಜ್ಜೆಗೂ ಹುಳುಹುಪ್ಪಟೆ, ಕಾಲಿಗೆ ಇಂಬಳ. ಇಂಬಳ ಬಿಡಿಸಲು ಉಪ್ಪು, ಸುಣ್ಣ, ಹೊಗೆಸೊಪ್ಪು ಹಚ್ಚುವ ರೂಢಿಯುಂಟು; ಅದರಿಂದ ಆ ಜೀವ ಸಾಯುತ್ತದೆ. ಅಕಸ್ಮಾತ್ ಹತ್ತಿದರೆ ಅದು ಕಚ್ಚಿದಲ್ಲಿ ಉಗುರನ್ನು ಮೆಲ್ಲನೆ ಒಳಗೆ ಸರಿಸಿ ಬಿಡಿಸಿ ಎಲೆಯ ಮೇಲೆ ಬಿಡಬೇಕು. ಆ ಪ್ರಸಂಗವೇ ಬರದಂತೆ ಚಳಿಗಾಲದಲ್ಲಿ ಹೊರಡುವುದು ಇನ್ನೂ ಉತ್ತಮ. ಮಾಘ ಮಾಸದಲ್ಲಿ ಧಾರವಾಡ, ಬೆಳಗಾವಿಯ ಕಡೆಯ ರೈತರು ಚಕ್ಕಡಿ ಹೂಡಿಕೊಂಡು ಇದೇ ತಾಲೂಕಿನ ಉಳವಿಯ ಚೆನ್ನಬಸವೇಶ್ವರ ಜಾತ್ರೆಗೆ ಬರುತ್ತಾರೆ. ಸುಗ್ಗಿ ಮುಗಿದ ಕಾಲ, ಒಣದಾರಿ, ನಿಗದಿಯಾದ ತಂಗುದಾಣ ಇವು ಅವರ ಕ್ರಮ. ನೆರೆಯವರ ಈ ವಿವೇಕವನ್ನು ನಾವೂ ಕಲಿಯತಕ್ಕದ್ದು.

೪. ಪರ್ವತಿಥಿಗಳ ಹೊಂದಾಣಿಕೆ

ಪ್ರೋಷಧೋಪವಾಸದ ಉತ್ತಮ ಕ್ರಮವು ಹದಿನಾರು ಯಾಮಗಳದು. ಸಪ್ತಮಿಯಂದು ಏಕಭುಕ್ತ, ಅಷ್ಟಮಿಯಂದು ಚತುರ್ವಿಧ ಆಹಾರತ್ಯಾಗ, ನವಮಿಯಂದು ಪಾರಣೆಯ ಏಕಭುಕ್ತ. ನೀರನ್ನೂ ತೊರೆದ ದಿನ ಬಿಸಿಲಿನಲ್ಲಿ ನಡೆದರೆ ದೇಹ ಬೆವರನ್ನು ಕಳೆದುಕೊಳ್ಳುತ್ತದೆ, ಮರಳಿ ಪಡೆಯುವುದಿಲ್ಲ. ಬಿಸಿಲಿನ ಆಘಾತದಿಂದ ಪ್ರಾಣಕ್ಕೇ ಅಪಾಯವಾದೀತು. ಆದುದರಿಂದ ಉಪವಾಸದ ದಿನ ನಡಿಗೆಯಿಲ್ಲ ಎಂಬುದು ಪ್ರಥಮ ಯಾತ್ರಿಕನಿಗೆ ದೃಢವಾದ ನಿಯಮವಾಗಿರಲಿ. ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸ. ಸ್ವಾಧ್ಯಾಯ, ಧ್ಯಾನಗಳಿಗಾಗಿ ಮೀಸಲಾದ ದಿನವನ್ನು ರಸ್ತೆಯಲ್ಲಿ ಕಳೆಯುವುದು ಉದ್ದೇಶಕ್ಕೂ ಹೊಂದದು.

ಪುಷ್ಯ ಬಹುಳ ಪಾಡ್ಯದಂದು ಕುಂಬಾರವಾಡದಿಂದ ಹೊರಟರೆಂದು ಭಾವಿಸಿ. ಪಾಡ್ಯದಿಂದ ಷಷ್ಠಿಯವರೆಗೆ ಆರು ದಿನ, ದಿನಕ್ಕೆ 16ರಂತೆ 96. ಸಪ್ತಮಿಯಂದು ಬೆಳಿಗ್ಗೆ ಮಾತ್ರ 8. ಇಲ್ಲಿಗೆ 104, ಯಲ್ಲಾಪುರದ ಆಸುಪಾಸು. ಅಷ್ಟಮಿಯಂದು ಅಲ್ಲಿಯೇ ನಿಂತು ಉಪವಾಸ. ನವಮಿಯಂದು ಪಾರಣೆಯಾಗಿ, ದಣಿವಾರಿಸಿಕೊಂಡು, ಮಧ್ಯಾಹ್ನ 8. ದಶಮಿಯಂದು 16. ಒಟ್ಟು 128 ಕಿಲೋಮೀಟರಿನೊಳಗೆ ಸೋಂದೆ ಸೇರಬಹುದು. ಬಳಿಕ ಚತುರ್ದಶಿಯ ಉಪವಾಸವನ್ನು ಕ್ಷೇತ್ರದಲ್ಲಿಯೇ, ವಿಶ್ರಾಂತವಾದ ದೇಹದಿಂದ, ಪೂಜೆ ಸ್ವಾಧ್ಯಾಯಗಳೊಡನೆ ಆಚರಿಸುವ ಭಾಗ್ಯ ದೊರೆಯುತ್ತದೆ. ತಿಥಿಗಳು ಕೆಲವೊಮ್ಮೆ ಲೋಪವಾಗುವುದರಿಂದ, ಕೆಲವೊಮ್ಮೆ ಹೆಚ್ಚುವುದರಿಂದ ಪಂಚಾಂಗ ನೋಡಿ ಲೆಕ್ಕವನ್ನು ಸರಿಪಡಿಸಿಕೊಳ್ಳಬೇಕು. ಗುಂಪಿನಲ್ಲಿ ಒಬ್ಬರು ಮೊದಲೇ ವಾಹನದಲ್ಲಿ ಹೋಗಿ ದೂರ, ನೀರು, ತಂಗುವ ಸ್ಥಳಗಳನ್ನು ನೋಡಿ ಬರೆದಿಟ್ಟುಕೊಳ್ಳುವುದು ಅವಶ್ಯ.

೫. ನೀರು ಮತ್ತು ಆಹಾರ

ಗಾಳಿಸಿದ ನೀರಿನ ಮರ್ಯಾದೆ 48 ನಿಮಿಷ. ಲವಂಗಾದಿಗಳಿಂದ ಪ್ರಾಸುಕವಾದ ನೀರಿಗೆ ಎರಡು ಪ್ರಹರ, ಅಂದರೆ 6 ಗಂಟೆ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಬೆಳಿಗ್ಗೆ ಗಾಳಿಸಿ ತುಂಬಿಕೊಂಡ ನೀರು ಮೂರು ಗಂಟೆಯ ನಡಿಗೆಗೆ ಸಲ್ಲದೆಂಬುದು ಇದರಿಂದಲೇ ಸ್ಪಷ್ಟ. ಸಂಜೆ 5 ಗಂಟೆಯೊಳಗೆ ನೀರನ್ನು ಗಾಳಿಸಿ, ಕುದಿಸಿ, ಆರಿಸಿ ತುಂಬಿಟ್ಟರೆ ಮರುದಿನದ ಇಡೀ ನಡಿಗೆಗೆ ಆಗುತ್ತದೆ; ಊರೂರಿನ ನೀರಿನಿಂದ ಬರುವ ಹೊಟ್ಟೆಯ ಬೇನೆಯೂ ತಪ್ಪುತ್ತದೆ. ಗಾಳಿಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ, ಅದೇ ಹಳ್ಳಕ್ಕೆ ಮರಳಿಸುವುದನ್ನು ಮರೆಯಬಾರದು.

ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನ. ಹತ್ತು ದಿನಗಳ ಈ ಯಾತ್ರೆಗೆ ಮನೆಯಿಂದ ಒಯ್ದ ಹಿಟ್ಟು ಕೊನೆಯವರೆಗೆ ಸಲ್ಲದು. ಉಳಿದ ದಿನಗಳಿಗೆ ಆರಿಸಿದ ಜೋಳ, ಗೋಧಿಯನ್ನು ಜೊತೆಗಿಟ್ಟುಕೊಂಡು ಯಲ್ಲಾಪುರದ ನಿಲುಗಡೆಯಲ್ಲಿ ಬೀಸಿಕೊಳ್ಳಬೇಕು. ದಾರಿಯಲ್ಲಿ ಶ್ರಾವಕರ ಮನೆ ಸಿಗುವುದೆಂದು ನೆಚ್ಚಬಾರದು. ಅಕ್ಕಿ, ಬೇಳೆ, ಬೆಲ್ಲ, ಶೇಂಗಾ, ಅವಲಕ್ಕಿ, ಪಾತ್ರೆಗಳನ್ನು ಹೊತ್ತ ಒಂದು ವಾಹನ ಮುಂದಿನ ತಂಗುದಾಣದಲ್ಲಿ ಕಾಯುವಂತಿರಲಿ. ಅದನ್ನು ನಡೆಸುವವರೂ ಅಡುಗೆ ಮಾಡುವವರೂ ಯಾತ್ರೆಯ ಪುಣ್ಯಕ್ಕೆ ಸಮಭಾಗಿಗಳು.

೬. ಕಾಲಿನ ಅಭ್ಯಾಸ

ಹೊರಡುವುದಕ್ಕೆ ಹತ್ತು ವಾರ ಮುಂಚೆ ಅಭ್ಯಾಸ ಆರಂಭವಾಗಲಿ. ಮೊದಲ ವಾರ ದಿನಕ್ಕೆ 3 ಕಿಲೋಮೀಟರು. ಮುಂದೆ ವಾರಕ್ಕೆ ಒಂದರಂತೆ ಏರಿಸುತ್ತ, ವಾರದಲ್ಲಿ ಒಂದು ದಿನ ಮಾತ್ರ ಉದ್ದದ ನಡಿಗೆ, ಒಂದು ದಿನ ಪೂರ್ಣ ವಿಶ್ರಾಂತಿ. ಒಂಬತ್ತನೆಯ ವಾರದಲ್ಲಿ ಸತತ ಎರಡು ದಿನ 16 ಕಿಲೋಮೀಟರು ನಡೆದು ಮೂರನೆಯ ದಿನ ಬೆಳಿಗ್ಗೆ ನೋವಿಲ್ಲದೆ ಏಳುವಂತಿರಬೇಕು. ಅದಾಗದಿದ್ದರೆ ಮುಂದಿನ ವರ್ಷ ಹೊರಡುವುದರಲ್ಲಿ ನಾಚಿಕೆಯಿಲ್ಲ. ಏಕಾಶನ ಮಾಡಬೇಕೆನ್ನುವವರು ಅಭ್ಯಾಸದ ದಿನಗಳಲ್ಲಿಯೇ ಏಕಾಶನದೊಡನೆ ನಡೆದು ನೋಡಬೇಕು.

ಚರ್ಮದ ಪಾದರಕ್ಷೆ ವರ್ಜ್ಯ. ಬಟ್ಟೆ ಅಥವಾ ರಬ್ಬರಿನದು, ಮೊದಲೇ ಮೆಟ್ಟಿ ಹದವಾದುದು ಇರಲಿ. ಬರಿಗಾಲಿನ ನಿಯಮವನ್ನು ಕೊನೆಯ ಒಂದು ಕಿಲೋಮೀಟರಿಗೆ ಇಟ್ಟುಕೊಂಡರೆ ಸಾಕು. ಬೊಬ್ಬೆ ಎದ್ದರೆ ಒಡೆಯಬಾರದು; ತೊಳೆದು ಶುಭ್ರವಾದ ಬಟ್ಟೆ ಕಟ್ಟಬೇಕು. ಮಧುಮೇಹ, ಹೃದಯದ ಬೇನೆ, ರಕ್ತದೊತ್ತಡವುಳ್ಳವರು ವೈದ್ಯರನ್ನು ಕೇಳದೆ ನಡಿಗೆಗೂ ಹೊರಡಬಾರದು, ಊಟವನ್ನೂ ಕಡಿಮೆ ಮಾಡಬಾರದು. ಮಧುಮೇಹದ ಔಷಧ ತೆಗೆದುಕೊಂಡು ಹಸಿದು ನಡೆದರೆ ರಕ್ತದ ಸಕ್ಕರೆ ಇಳಿದು ನಡುಕ, ಬೆವರು, ಕಣ್ಣುಕತ್ತಲೆ ಬರಬಹುದು. ಅಂಥವರ ಬಳಿ ಬೆಲ್ಲ ಸದಾ ಇರಲಿ.

೭. ಯಮವೋ, ನಿಯಮವೋ?

ಜೀವನಪರ್ಯಂತದ ತ್ಯಾಗ ಯಮ. ಕಾಲದ ಮಿತಿಯುಳ್ಳ ತ್ಯಾಗ ನಿಯಮ. ಯಾತ್ರೆಯ ಕಾವಿನಲ್ಲಿ ಯಮವನ್ನು ಸ್ವೀಕರಿಸಬಾರದು. ‘ಕ್ಷೇತ್ರ ಸೇರುವವರೆಗೆ, ಆರೋಗ್ಯ ನೆಟ್ಟಗಿರುವಷ್ಟು ದಿನ’ ಎಂದು ಕಾಲವನ್ನೂ ನಿಬಂಧನೆಯನ್ನೂ ಮೊದಲೇ ಹೇಳಿ ನಿಯಮ ಪಡೆಯಬೇಕು. ಮೊದಲೇ ಹೇಳಿದ ನಿಬಂಧನೆ ವ್ರತದ ಅಂಗ, ನಡುವೆ ಹುಡುಕಿದ ನೆಪ ವ್ರತದ ಭಂಗ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿಯೂ ತ್ಯಾಗ, ತಪಗಳಿಗೆ ‘ಶಕ್ತಿತಃ’ ಎಂಬ ವಿಶೇಷಣವಿರುವುದನ್ನು ಗಮನಿಸಬೇಕು. ಶಕ್ತಿಯನ್ನು ಅಡಗಿಸಿಡಲೂಬಾರದು, ಮೀರಲೂಬಾರದು.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಕಡೆಯವರಾದ ಆಚಾರ್ಯ ಶಾಂತಿಸಾಗರರು ದಕ್ಷಿಣದಿಂದ ಸಮ್ಮೇದಶಿಖರ, ದಿಲ್ಲಿಗಳವರೆಗೆ ಬರಿಗಾಲಲ್ಲಿ ವಿಹಾರ ಮಾಡಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ತ್ಯಜಿಸಿದರು. ಆ ನಡಿಗೆ ಅನೇಕ ವರ್ಷಗಳ ಸಾಧನೆಯ ಫಲ. ಅದಕ್ಕೆ ನಮಸ್ಕರಿಸೋಣ, ಆದರೆ ಒಂದೇ ಜಿಗಿತದಲ್ಲಿ ಅನುಕರಿಸಲು ಹೊರಡುವುದು ಬೇಡ. ಸಮ್ಮೇದಶಿಖರದ ವಂದನೆಯೇ ಏರಲು 9, ಟೊಂಕಗಳನ್ನು ಸುತ್ತಲು 9, ಇಳಿಯಲು 9 ಎಂದು 27 ಕಿಲೋಮೀಟರು. ಇಂದು ಹದಿನಾರನ್ನು ಸಮಾಧಾನದಿಂದ ನಡೆದವನಿಗೆ ನಾಳೆ ಆ ಗಿರಿಯೂ ಎಟುಕುತ್ತದೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ದಿಗ್ವ್ರತಕ್ಕೂ ದೇಶವ್ರತಕ್ಕೂ ಭೇದವೇನು? ಪಾದಯಾತ್ರೆಯಲ್ಲಿ ಕ್ಷೇತ್ರವೃದ್ಧಿ ಹೇಗೆ ಸಂಭವಿಸುತ್ತದೆ?
2. ನಿಮ್ಮ ಊರಿನಿಂದ ಸಮೀಪದ ಕ್ಷೇತ್ರಕ್ಕೆ ದಿನಕ್ಕೆ 16 ಕಿಲೋಮೀಟರಿನಂತೆ, ಪರ್ವತಿಥಿಗಳಲ್ಲಿ ನಿಲ್ಲುತ್ತ ಹೋದರೆ ಎಷ್ಟು ದಿನಗಳಾಗುತ್ತವೆ? ಪಂಚಾಂಗ ನೋಡಿ ಬರೆಯಿರಿ.
3. ಸಂಜೆ ಕುದಿಸಿದ ನೀರು ಮರುದಿನ ಎಷ್ಟು ಹೊತ್ತಿನವರೆಗೆ ಸಲ್ಲುತ್ತದೆ?
4. ಯಾತ್ರೆಗಾಗಿ ನೀವು ಪಡೆಯಬೇಕೆಂದಿರುವ ನಿಯಮವನ್ನು ಕಾಲ ಮತ್ತು ನಿಬಂಧನೆಗಳ ಸಹಿತ ಒಂದು ವಾಕ್ಯದಲ್ಲಿ ಬರೆದು, ಮನೆಯ ಹಿರಿಯರಿಗೆ ಓದಿ ಹೇಳಿರಿ.