ವ್ಯಾಟ್ ಲೆಕ್ಕ ಮೊದಲು, ಡಿಸ್ಕ್ ಆಮೇಲೆ

ಒಂದು ವ್ಯಾಟ್ ಕರೆಂಟ್ ವರ್ಷವಿಡೀ ಹಗಲು ರಾತ್ರಿ ಖರ್ಚಾದರೆ 8.76 ಯೂನಿಟ್ ಆಗುತ್ತದೆ. ತೆರಿಗೆ, ಸರ್‌ಚಾರ್ಜ್ ಸೇರಿಸಿ ಯೂನಿಟ್‌ಗೆ ಏಳು ರೂಪಾಯಿ ಎಂದು ಹಿಡಿಯಿರಿ. ಒಂದು ವ್ಯಾಟ್‌ಗೆ ವರ್ಷಕ್ಕೆ ಸುಮಾರು 61 ರೂಪಾಯಿ ಬಂತು. ಮನೆಯಲ್ಲಿ ಸದಾ ಚಾಲೂ ಇರುವ ಯಾವುದೇ ಯಂತ್ರ ತರುವ ಮೊದಲು ಈ 61ರಿಂದ ಗುಣಿಸಿ ನೋಡಿದರೆ, ಅಂಗಡಿಯ ಚೀಟಿಯಲ್ಲಿ ಬರೆದಿರದ ಬೆಲೆಯೂ ಗೊತ್ತಾಗುತ್ತದೆ. ಮನೆಯ ಫೋಟೊ, ವಿಡಿಯೊಗಳಿಗೆಂದು ಸಣ್ಣ ಸರ್ವರ್ ಒಂದನ್ನು ಕಟ್ಟಿಕೊಳ್ಳುವ ಯೋಚನೆ ಬಂದಾಗ ನಾನು ಶುರುಮಾಡಿದ್ದು ಈ ಲೆಕ್ಕದಿಂದಲೇ.

ಸರ್ವರ್ ಯಾಕೆ ಬೇಕಾಯಿತು? 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಪುಕ್ಕಟೆ ಇಡುವ ಸೌಲಭ್ಯ ನಿಂತಿತು. ನಮ್ಮದು ಕಾಪುವಿನಲ್ಲಿ ಅಪ್ಪ ಅಮ್ಮ, ಕಾರ್ಕಳದಲ್ಲಿ ಅಕ್ಕ ಭಾವ, ಮಣಿಪಾಲದಲ್ಲಿ ನಾವು ಎಂದು ಮೂರು ಕಡೆ ಹಂಚಿಹೋದ ಕುಟುಂಬ. ಅಪ್ಪನಿಗೆ ಯಕ್ಷಗಾನದ ಹುಚ್ಚು. ಊರಿನ ಹರಕೆ ಆಟ, ಕುಟುಂಬದ ದೈವದ ಕೋಲ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿಡುತ್ತಾರೆ. ಸಾಧಾರಣ ಗುಣಮಟ್ಟದಲ್ಲಿ ಚಿತ್ರೀಕರಿಸಿದರೂ ಇಡೀ ರಾತ್ರಿಯ ಆಟ ಒಂದಕ್ಕೆ 40-50 ಜಿಬಿ ಬೇಕು. ತಿರುಗಾಟ ಮುಗಿಯುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವಷ್ಟರಲ್ಲಿ ಅಪ್ಪನ ಫೋನು ಎಷ್ಟೋ ಸಲ ತುಂಬಿ ಖಾಲಿಯಾಗಿರುತ್ತದೆ. ಆ ವಿಡಿಯೊಗಳಲ್ಲಿ ಕೆಲವು ಕಲಾವಿದರು ಈಗಿಲ್ಲ. ಅಳಿಸಿ ಜಾಗ ಮಾಡಿಕೊಳ್ಳಿ ಎಂದು ಹೇಳುವ ಮನಸ್ಸು ನನಗೆ ಬರಲಿಲ್ಲ.

ವಿಷಯ ತಿಳಿದ ಭಾವ, "ನಮ್ಮ ಹಳೇ ಕಂಪ್ಯೂಟರ್ ಸುಮ್ಮನೆ ಬಿದ್ದುಕೊಂಡುಂಟು ಮಾರಾಯ, ಅದನ್ನೇ ತಕೊಂಡು ಹೋಗು" ಎಂದರು. ಪುಕ್ಕಟೆ ಪಿಸಿ. ತಂದವನು ಮೊದಲು ಮಾಡಿದ ಕೆಲಸವೆಂದರೆ ಗೋಡೆಯ ಪ್ಲಗ್ಗಿಗೂ ಅದಕ್ಕೂ ನಡುವೆ ಕರೆಂಟ್ ಅಳೆಯುವ ಮೀಟರ್ ಸಿಕ್ಕಿಸಿದ್ದು. ಏನೂ ಕೆಲಸ ಮಾಡದೆ ಸುಮ್ಮನೆ ಕುಳಿತಾಗಲೇ 62 ವ್ಯಾಟ್ ತೋರಿಸಿತು. 61ರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 3,800 ರೂಪಾಯಿ. ಐದು ವರ್ಷ ಇಟ್ಟುಕೊಂಡರೆ 19,000.

ಈ ಲೆಕ್ಕ ನೋಡಿದಾಗ ನಮ್ಮ ಕಡೆಯ ಪಿಗ್ಮಿ ನೆನಪಾಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆ, ಮನೆಬಾಗಿಲಿಗೆ ಬರುವ ಏಜೆಂಟನ ಕೈಗೆ. ಕೂಲಿಯವರು, ಬೀಡಿ ಕಟ್ಟುವವರು, ಸಣ್ಣ ಅಂಗಡಿಯವರು ಆ ಚಿಲ್ಲರೆಯಲ್ಲೇ ಮಗಳ ಮದುವೆಗೆ, ಮನೆಯ ಮಾಡಿಗೆ ಹಣ ಕೂಡಿಸಿದರು. ಹಳೇ ಪಿಸಿ ಮಾಡುವುದು ಪಿಗ್ಮಿಯದೇ ಕೆಲಸ, ದಿಕ್ಕು ಮಾತ್ರ ಉಲ್ಟಾ. ದಿನಕ್ಕೆ ಹತ್ತು ರೂಪಾಯಿ ಗೊತ್ತಿಲ್ಲದೆ ಹೋಗುತ್ತದೆ. ಹತ್ತು ರೂಪಾಯಿ ಯಾರಿಗೂ ದೊಡ್ಡದಲ್ಲ, ಆದ್ದರಿಂದಲೇ ಯಾರೂ ಕೇಳುವುದಿಲ್ಲ.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲು ಉಂಟು. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ತಿಳಿದವರು ತುಂಬ ಜನ. ಹಾಗಲ್ಲ. ನಮ್ಮಂಥ ಮನೆಗಳಿಗೆ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದರೆ ಬರುವಷ್ಟು ಮಾತ್ರ ಉಚಿತ. ಅದನ್ನು ಮೀರಿದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಆ ವರ್ಷ ಇಲ್ಲದ ಸರ್ವರ್ ಈಗ ಹೊಸದಾಗಿ ಬಂದರೆ ಅದರ ಯೂನಿಟ್‌ಗಳೆಲ್ಲ ಮೇಲಿನಿಂದ ಸೇರುತ್ತವೆ. ನಮ್ಮ ಮನೆಗೆ ಅರ್ಹತೆ 150ರ ಆಸುಪಾಸು. ಏಪ್ರಿಲ್, ಮೇ ಸೆಕೆಗೆ ಫ್ಯಾನು, ಫ್ರಿಜ್ಜು ಸೇರಿ 175ಕ್ಕೆ ಹೋಗುತ್ತದೆ. ಭಾವನ ಪಿಸಿ ತಿಂಗಳಿಗೆ 45 ಯೂನಿಟ್ ತಿನ್ನುವಂಥದ್ದು. ಅದನ್ನು ಇಟ್ಟುಕೊಂಡಿದ್ದರೆ ಬೇಸಿಗೆಯಲ್ಲಿ 220 ಆಗಿ, ಮೆಸ್ಕಾಂ ಬಿಲ್ಲು ಒಂದೂವರೆ ಸಾವಿರ ದಾಟುತ್ತಿತ್ತು. ಪಿಸಿಯನ್ನು ಹಿಂದೆ ಕೊಟ್ಟೆ.

ಕೊನೆಗೆ ಆ ಕೆಲಸಕ್ಕೆ ಒದಗಿದ್ದು ನನ್ನದೇ ಹಳೇ ಲ್ಯಾಪ್‌ಟಾಪ್. ಅದಕ್ಕೆ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂ, ಮೇಲೆ ಕಡತ ಹಂಚುವ ತಂತ್ರಾಂಶ ಓಪನ್‌ಮೀಡಿಯಾವಾಲ್ಟ್ ಹಾಕಿದೆ, ಎರಡೂ ಉಚಿತ. ಎಲ್ಲರ ಫೋನಿನಿಂದ ಫೋಟೊ ತಾನಾಗಿ ಬರಲು ಇಮ್ಮಿಚ್ ಎಂಬ ತಂತ್ರಾಂಶ. ಹೊರಗೆ ಒಂದು 4 ಟಿಬಿ ಪೋರ್ಟಬಲ್ ಡಿಸ್ಕ್. ಪರದೆ ಆಫ್ ಇದ್ದರೆ ಇಷ್ಟೂ ಸೇರಿ ಸರಾಸರಿ 11 ವ್ಯಾಟ್, ಅಂದರೆ ತಿಂಗಳಿಗೆ ಎಂಟು ಯೂನಿಟ್, ವರ್ಷಕ್ಕೆ ಸುಮಾರು 670 ರೂಪಾಯಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕ್ ಸುಮ್ಮನೆ ತಿರುಗುವುದಕ್ಕೇ ನಾಲ್ಕೈದು ವ್ಯಾಟ್ ಕೇಳುತ್ತದೆ, ಈ ಚಿಕ್ಕದಕ್ಕೆ ಒಂದು ವ್ಯಾಟ್‌ನಷ್ಟು ಸಾಕು. ಫೋನುಗಳಿಂದ ಬಂದದ್ದು ಮೊದಲು ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಯಲ್ಲಿ ಕೂಡಿಕೊಂಡಿದ್ದು, ರಾತ್ರಿ ಒಂದೇ ಸಲ ಡಿಸ್ಕಿಗೆ ಹೋಗುವಂತೆ ಮಾಡಿದ್ದೇನೆ. ಹೀಗಾಗಿ ಡಿಸ್ಕ್ ದಿನದ ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತದೆ. ಗಂಟೆಗೆ ಹತ್ತು ಸಲ ಎದ್ದು ಮಲಗಿದರೆ ಅದರ ಆಯುಸ್ಸಿಗೇ ಕೇಡು. ಲ್ಯಾಪ್‌ಟಾಪ್ ಸದಾ ಚಾರ್ಜಿನಲ್ಲಿದ್ದರೆ ಬ್ಯಾಟರಿ ಉಬ್ಬುವ ಅಪಾಯವಿದೆ. ಶೇ 60ಕ್ಕಿಂತ ಹೆಚ್ಚು ಚಾರ್ಜ್ ಆಗದಂತೆ ಮಿತಿ ಹಾಕಬೇಕು. ಈಗಾಗಲೇ ಉಬ್ಬಿದ ಬ್ಯಾಟರಿ ಇರುವ ಯಂತ್ರವನ್ನು ದಯವಿಟ್ಟು ಇದಕ್ಕೆ ಬಳಸಬೇಡಿ.

ಲ್ಯಾಪ್‌ಟಾಪಿನ ಬ್ಯಾಟರಿಯ ನಿಜವಾದ ಬೆಲೆ ಗೊತ್ತಾಗುವುದು ನಮ್ಮ ಕಡೆಯ ಸಿಡಿಲಿನ ದಿನಗಳಲ್ಲಿ. ಮಳೆಗಾಲದ ಮುಂಚೆ ಏಪ್ರಿಲ್-ಮೇ, ಮತ್ತೆ ಅಕ್ಟೋಬರಿನಲ್ಲಿ, ಸಂಜೆ ಘಟ್ಟದ ಕಡೆ ಕಪ್ಪಾಯಿತೆಂದರೆ ಇಲ್ಲಿ ಎಲ್ಲರ ಮನೆಯಲ್ಲೂ ಪ್ಲಗ್ ಕೀಳುವ ಓಡಾಟ. ಮೊದಲು ತಾಮ್ರದ ಟೆಲಿಫೋನ್ ತಂತಿಯ ಮೂಲಕವೇ ಎಷ್ಟೋ ಮೋಡೆಮ್‌ಗಳು ಸುಟ್ಟುಹೋಗುತ್ತಿದ್ದವು. ಈಗ ಮನೆಯೊಳಗೆ ಬರುವ ಫೈಬರ್ ಗಾಜಿನದು, ಅದರ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ರೂಟರಿಗೆ ಸಣ್ಣ 12 ವೋಲ್ಟ್ ಯುಪಿಎಸ್ ಉಂಟು. ಗುಡುಗು ಕೇಳಿದ ಕೂಡಲೇ ಎರಡು ಪ್ಲಗ್ ಕಿತ್ತರೆ ಸಾಕು, ಮನೆಯ ವಯರಿಂಗಿನ ಸಂಬಂಧವೇ ಇಲ್ಲದೆ ಸರ್ವರ್, ಡಿಸ್ಕ್, ಇಂಟರ್‌ನೆಟ್ ಮೂರೂ ನಡೆಯುತ್ತಿರುತ್ತವೆ. ಡೆಸ್ಕ್‌ಟಾಪ್ ಆಗಿದ್ದರೆ ಇದಕ್ಕೆ ದೊಡ್ಡ ಯುಪಿಎಸ್, ಎರಡು ಮೂರು ವರ್ಷಕ್ಕೊಮ್ಮೆ ಅದರ ಬ್ಯಾಟರಿ, ಆ ಯುಪಿಎಸ್ ತಾನೇ ತಿನ್ನುವ ಕರೆಂಟ್ ಎಂದು ಖರ್ಚು ಬೆಳೆಯುತ್ತಾ ಹೋಗುತ್ತದೆ.

ಸರ್ವರನ್ನು ಕಾಪುವಿನ ಮನೆಯಲ್ಲಿ ಇಡಬಹುದಲ್ಲ ಎಂದು ಅಪ್ಪ ಕೇಳಿದರು. ಸಮುದ್ರದ ಉಪ್ಪುಗಾಳಿಗೆ ಕಿಟಕಿಯ ಸರಳೇ ತುಕ್ಕು ಹಿಡಿಯುವ ಜಾಗ ಅದು, ಡಿಸ್ಕಿನ ಕನೆಕ್ಟರ್ ಬಾಳಲಾರದು. ಮಣಿಪಾಲದ ಗುಡ್ಡೆಯ ಮೇಲೆ, ಗಾಳಿಯಾಡುವ ಕಪಾಟಿನಲ್ಲಿ ಇಟ್ಟಿದ್ದೇನೆ. ಎಲ್ಲದರ ಇನ್ನೊಂದು ಪ್ರತಿಯಿರುವ ಎರಡನೆಯ ಡಿಸ್ಕ್ ಇರುವುದು ಕಾರ್ಕಳದಲ್ಲಿ, ಅಕ್ಕನ ಗೋದ್ರೇಜ್ ಬೀರುವಿನೊಳಗೆ, ಗಾಳಿ ಹೋಗದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಹಬ್ಬಕ್ಕೋ ಪೂಜೆಗೋ ಅಕ್ಕ ಇಲ್ಲಿಗೆ ಬರುವಾಗ ಅದನ್ನು ತರುತ್ತಾಳೆ. ಹೊಸದನ್ನು ಸೇರಿಸಿ ವಾಪಸು ಕಳಿಸುತ್ತೇನೆ. ಎರಡೂ ಡಿಸ್ಕನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಒಂದರ ಪ್ರತಿಬಿಂಬ ಇನ್ನೊಂದರಲ್ಲಿ ಇರಿಸುವ ರೈಡ್ ಪದ್ಧತಿಯನ್ನು ಹಲವರು ಹೇಳಿದರು. ಆದರೆ ಒಂದರಲ್ಲಿ ಕೈತಪ್ಪಿ ಅಳಿಸಿದ್ದು ಇನ್ನೊಂದರಲ್ಲೂ ಅದೇ ಕ್ಷಣ ಅಳಿಯುತ್ತದೆ. ಕಳ್ಳತನವಾದರೆ ಎರಡೂ ಒಟ್ಟಿಗೇ ಹೋಗುತ್ತವೆ. ಬೀರುವಿನಲ್ಲಿ ಮಲಗಿದ ಡಿಸ್ಕಿಗೆ ಒಂದು ವ್ಯಾಟ್ ಖರ್ಚೂ ಇಲ್ಲ.

ನಾನು ಹೋಲಿಸಿ ನೋಡಿದಾಗ ಗೂಗಲ್‌ನ 2 ಟಿಬಿ ಯೋಜನೆಗೆ ವರ್ಷಕ್ಕೆ 6,500 ರೂಪಾಯಿ ಇತ್ತು. ನನ್ನ ಎರಡು ಡಿಸ್ಕಿಗೆ ಬಿದ್ದದ್ದು ಸುಮಾರು 22,000. ಐದು ವರ್ಷಕ್ಕೆ ಹಂಚಿ, ಕರೆಂಟ್ ಸೇರಿಸಿದರೆ ವರ್ಷಕ್ಕೆ 5,100ರ ಹತ್ತಿರ, ಜಾಗ ಎರಡು ಪಟ್ಟು. ಉಳಿತಾಯ ಉಂಟು, ಆದರೆ ಭಾರೀ ಏನಲ್ಲ. ಪುಕ್ಕಟೆ ಪಿಸಿಯನ್ನು ಇಟ್ಟುಕೊಂಡಿದ್ದರೆ ಇದೇ ಲೆಕ್ಕ 8,200 ಆಗಿ ನಷ್ಟಕ್ಕೆ ತಿರುಗುತ್ತಿತ್ತು. ನಿಮ್ಮದು ಬರೀ ಮಕ್ಕಳ ಫೋಟೊ, ಮದುವೆಯ ಒಂದೆರಡು ವಿಡಿಯೊ ಎಂದಾದರೆ ಸರ್ವರ್ ಗೊಡವೆಯೇ ಬೇಡ. ಗೂಗಲ್‌ನದೇ 100 ಜಿಬಿ ಯೋಜನೆ (ಆಗ ವರ್ಷಕ್ಕೆ 1,300 ಇತ್ತು) ತೆಗೆದುಕೊಳ್ಳಿ, ಒಂದು ಪ್ರತಿ ಮನೆಯ ಡಿಸ್ಕಿನಲ್ಲಿರಲಿ.

ಕರೆಂಟನ್ನು ನಾನು ಇಷ್ಟು ಹಿಡಿದು ಹಿಡಿದು ಅಳೆಯುವುದಕ್ಕೆ ದುಡ್ಡಿನಾಚೆಯ ಕಾರಣವೂ ಇದೆ. ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಹೊರದೇಶದ ಕಲ್ಲಿದ್ದಲು ಉರಿಸಿ 1,200 ಮೆಗಾವ್ಯಾಟ್ ವಿದ್ಯುತ್ ತಯಾರಿಸುವ ಸ್ಥಾವರವಿದೆ. ಹಾರುಬೂದಿಯ ಬಗ್ಗೆ, ಬಾವಿ ಉಪ್ಪಾದ ಬಗ್ಗೆ, ಮಲ್ಲಿಗೆ ಬೆಳೆ ಕುಂದಿದ ಬಗ್ಗೆ ಅಲ್ಲಿಯ ಕೃಷಿಕರು ವರ್ಷಗಟ್ಟಲೆ ಹೋರಾಡಿದ್ದಾರೆ. ಕರೆಂಟ್ ಎಲ್ಲಿಂದಲೋ ಬರುತ್ತದೆ ಎಂದು ಬೇರೆ ಊರಿನವರು ಹೇಳಬಹುದು, ಅದೇ ತಾಲ್ಲೂಕಿನಲ್ಲಿ ಹುಟ್ಟಿದ ನಾನು ಹೇಳಲಾರೆ. ಕೆಲಸವಿಲ್ಲದೆ ಕುಳಿತ ಯಂತ್ರಕ್ಕೆ 62 ವ್ಯಾಟ್ ಕೊಡುವುದು ನನಗೆ ತಪ್ಪೆಂದೇ ಕಾಣುತ್ತದೆ.

ಸರ್ವರ್ ಕಟ್ಟುವ ಮನಸ್ಸಿದ್ದವರು ಡಿಸ್ಕಿಗಿಂತ ಮೊದಲು ಆ ಪ್ಲಗ್ ಮೀಟರನ್ನು ಕೊಳ್ಳಿ, ಸಾವಿರದೈನೂರರ ಒಳಗೆ ಸಿಗುತ್ತದೆ. ನನ್ನದು ಈಗ ಅಕ್ಕನ ಮನೆಯಲ್ಲಿದೆ. ಟಿವಿಯ ಸೆಟ್‌ಟಾಪ್ ಬಾಕ್ಸು ಆಫ್ ಮಾಡಿದಾಗಲೂ ಒಂಬತ್ತು ವ್ಯಾಟ್ ಎಳೆಯುತ್ತಿರುವುದನ್ನು ಭಾವ ಕಂಡುಹಿಡಿದಿದ್ದಾರೆ. ಇನ್ನು ಫ್ರಿಜ್ಜಿನ ಸರದಿಯಂತೆ.