ಕಲ್ಲಿನಂಥ ಗಿಡಕ್ಕೆ ಯಾವ ಹೆಸರು?

ಪ್ರಶ್ನೆ: ನರ್ಸರಿಯಲ್ಲಿ ಕೊಂಡ, ಕಲ್ಲಿನಂತೆ ಕಾಣುವ ಗಿಡದ ಚೀಟಿಯಲ್ಲಿ 'ಲಿಥಾಪ್ಸ್' ಎಂದಷ್ಟೇ ಇದೆ. ಇದು ಯಾವ ಪ್ರಭೇದ?

ಉತ್ತರ: ಬರೀ ಫೋಟೊ ನೋಡಿ ಪ್ರಭೇದ ಹೇಳುವವರನ್ನು ಅಷ್ಟಾಗಿ ನಂಬಬೇಕಿಲ್ಲ. ಎದುರಿಗೇ ಇದ್ದರೂ ಇದು ಕಣ್ಣಿಗೆ ಮೋಸ ಮಾಡುತ್ತದೆ: 1811ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಸ್ಯಾನ್ವೇಷಕ ವಿಲಿಯಂ ಬರ್ಚೆಲ್ ವಿಚಿತ್ರ ಆಕಾರದ ಕಲ್ಲೆಂದು ಎತ್ತಿಕೊಂಡದ್ದು ಇದೇ ಬಗೆಯ ಗಿಡವನ್ನು. ಇದರ ಮೈಬಣ್ಣ ಆಯಾ ನೆಲದ ಕಲ್ಲಿಗೆ ಹೊಂದಿಕೊಂಡಿರುವುದರಿಂದ ಒಂದೇ ಪ್ರಭೇದ ಒಂದೆಡೆ ಕಂದು, ಇನ್ನೊಂದೆಡೆ ಬೂದು.

ಹೂವಿಗಾಗಿ ಕಾಯುವುದು ಮೇಲು. ಲೆಸ್ಲಿಯೈ ಎಂಬ ಪ್ರಭೇದದ ಹೂ ಸಾಮಾನ್ಯವಾಗಿ ಹಳದಿ, ಕರಾಸ್‌ಮೊಂಟಾನಾ ಎಂಬ ಪ್ರಭೇದದ್ದು ಬಿಳಿ. ಆದರೆ ಲೆಸ್ಲಿಯೈಯದೇ 'ಅಲ್ಬಿನಿಕಾ' ಎಂಬ ತಳಿ ಬಿಳಿ ಹೂ ಬಿಟ್ಟು ದಾರಿ ತಪ್ಪಿಸುತ್ತದೆ! ಎಲೆಯ ನೆತ್ತಿಯ ಮೇಲಿನ ಗೆರೆ, ಚುಕ್ಕೆ, ಬೆಳಕು ಒಳಬಿಡುವ 'ಕಿಟಕಿ'ಗಳನ್ನೂ ಭೂತಗನ್ನಡಿ ಹಿಡಿದು ನೋಡಬೇಕು.

ಇಷ್ಟಾದರೂ ಗಟ್ಟಿ ಸಾಕ್ಷಿ ಗಿಡದ ಮೂಲಸ್ಥಳವೇ. ಲಿಥಾಪ್ಸ್ ಅಧ್ಯಯನಕಾರ ಡೆಸ್ಮಂಡ್ ಕೋಲ್ ಪತ್ನಿ ನೌರೀನ್ ಜತೆ ಅಲೆದು, ನೂರಾರು ತಾಣಗಳ ಗಿಡಗಳಿಗೆ ತಾಣವಾರು 'ಸಿ' ಸಂಖ್ಯೆ ಕೊಟ್ಟರು. ಆ ಸಂಖ್ಯೆಯ ಶುದ್ಧ ಬೀಜದಿಂದ ಬಂದ ಗಿಡದ ಹೆಸರನ್ನು ನಂಬಬಹುದು. ಬೀಜ ಶುದ್ಧವಾಗಿರಲೇಬೇಕು, ಏಕೆಂದರೆ ಹಲವು ಪ್ರಭೇದಗಳನ್ನು ಒಟ್ಟಿಗೆ ಬೆಳೆಸುವಲ್ಲಿ ಬೆರಕೆ ಸುಲಭ.

ಸಂಖ್ಯೆ ಇಲ್ಲದ ಗಿಡಕ್ಕೆ ಊಹೆಯ ಹೆಸರು ಅಂಟಿಸಬೇಡಿ. 'ಲಿಥಾಪ್ಸ್, ಪ್ರಭೇದ ತಿಳಿಯದು' ಎಂದೇ ಬರೆದಿಡಿ.